ನೋಡದೆ ಹೂ ಕಟ್ಟುವ ಕೈ: ಚಾರ್ಲ್ಸ್ ಶೆರಿಂಗ್ಟನ್ ಅವರ ಬದುಕಿನಿಂದ ನಾನು ಕಲಿತ ಪಾಠ

ಬೋಧನಾಭ್ಯಾಸದ ಎರಡನೆಯ ಹಂತದಲ್ಲಿ ನನಗೆ ಹತ್ತನೆಯ ತರಗತಿಯ ನರವ್ಯೂಹದ ಘಟಕ ದೊರೆತಿತ್ತು. ಪರಾವರ್ತಿತ ಕ್ರಿಯೆ ಸುಲಭದ ಪಾಠ ಎಂದುಕೊಂಡಿದ್ದೆ. ಬಿಸಿ ಪಾತ್ರೆ ಮುಟ್ಟಿದ ಕೈ ಥಟ್ಟನೆ ಹಿಂದೆ ಸರಿಯುವ ಚಿತ್ರವನ್ನು ಚಾರ್ಟಿನಲ್ಲಿ ಬರೆದಿದ್ದೆ. ಚರ್ಮದಿಂದ ಮಿದುಳುಬಳ್ಳಿಗೆ ಹೋಗುವ ಸಂದೇಶಕ್ಕೆ ಕೆಂಪು ಬಾಣ, ಮಿದುಳುಬಳ್ಳಿಯಿಂದ ಸ್ನಾಯುವಿಗೆ ಬರುವ ಆಜ್ಞೆಗೆ ನೀಲಿ ಬಾಣ. ಪಾಠಯೋಜನೆಯಲ್ಲಿ ಬರೆದುಕೊಂಡಂತೆಯೇ ಪಾಠ ಸಾಗಿತು. ಮೌಲ್ಯಮಾಪನದ ಹಂತದಲ್ಲಿ ಒಬ್ಬ ಹುಡುಗಿ ಎದ್ದು ನಿಂತಳು. ತನ್ನ ತಾಯಿ ಸಂಜೆ ಹೊತ್ತು ಮಾರಾಟಕ್ಕೆ ಮಲ್ಲಿಗೆ ಕಟ್ಟುತ್ತಾರೆ, ಕಣ್ಣು ಟಿವಿಯ ಮೇಲಿದ್ದರೂ ಕೈ ನಿಲ್ಲುವುದಿಲ್ಲ, ಕರೆಂಟು ಹೋದರೂ ನಿಲ್ಲುವುದಿಲ್ಲ, ಬೆರಳಿಗೆ ದಾರ ಎಲ್ಲಿದೆ ಎಂದು ಯಾರು ಹೇಳುತ್ತಾರೆ, ಅದು ಯಾವ ಬಾಣ ಎಂದು ಕೇಳಿದಳು. ಅದು ಅಭ್ಯಾಸಬಲ ಎಂದು ಉತ್ತರಿಸಿ ಮುಂದೆ ಹೋದೆ. ಅವಳು ಕುಳಿತಳು, ಆದರೆ ಉತ್ತರ ಸಿಕ್ಕಿಲ್ಲವೆಂದು ಮುಖವೇ ಹೇಳುತ್ತಿತ್ತು. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ, ಅಭ್ಯಾಸ ಎಂಬುದು ಉತ್ತರವಲ್ಲ, ಪ್ರಶ್ನೆಗೇ ಇಟ್ಟ ಇನ್ನೊಂದು ಹೆಸರು ಎಂದು ಬರೆದರು.

ಅದೇ ತರಗತಿಯ ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಹುಟ್ಟಿನಿಂದ ಬಲಗೈ ದುರ್ಬಲವಾಗಿದ್ದ ಒಬ್ಬ ಹುಡುಗನಿದ್ದ. ಕೈಯಿಂದ ಮಾಡುವ ಪ್ರತಿಯೊಂದು ಚಟುವಟಿಕೆಯಲ್ಲೂ ಅವನಿಗೆ ಗಡಿಯಾರ ನೋಡಿ ಸಮಯ ಹೇಳುವ ಕೆಲಸ ಕೊಡುತ್ತಿದ್ದೆ. ಅದು ನನಗೆ ಒಳ್ಳೆಯ ಕೆಲಸವೆಂದೇ ತೋರಿತ್ತು. ಯಾರೂ ಅದನ್ನು ತಪ್ಪೆನ್ನಲಿಲ್ಲ.

ಹುಡುಗಿಯ ಪ್ರಶ್ನೆಗೆ ಉತ್ತರ ಹುಡುಕುತ್ತಾ ಗ್ರಂಥಾಲಯಕ್ಕೆ ಹೋದಾಗ ಸರ್ ಚಾರ್ಲ್ಸ್ ಸ್ಕಾಟ್ ಶೆರಿಂಗ್ಟನ್ ಅವರ ಬದುಕು ಸಿಕ್ಕಿತು. ನಮ್ಮ ಪಠ್ಯದಲ್ಲಿ ನರಕೋಶಗಳ ನಡುವಿನ ಜಾಗಕ್ಕೆ ಸಿನಾಪ್ಸ್ ಎಂಬ ಹೆಸರಿದೆಯಲ್ಲ, ಆ ಹೆಸರನ್ನು ವಿಜ್ಞಾನಕ್ಕೆ ತಂದವರು ಇವರೇ. ಹುಡುಗಿಯ ಪ್ರಶ್ನೆಗೆ ಅವರ ಬದುಕಿನಲ್ಲಿ ಅರ್ಧ ಉತ್ತರ ಸಿಕ್ಕಿತು. ನಾನು ಕೇಳಿಕೊಳ್ಳದೇ ಇದ್ದ ಇನ್ನೊಂದು ಪ್ರಶ್ನೆಗೂ ಅಲ್ಲಿ ಉತ್ತರವಿತ್ತು.

ಶೆರಿಂಗ್ಟನ್ ಹುಟ್ಟಿದ್ದು 1857ರ ನವೆಂಬರ್ 27ರಂದು, ಲಂಡನ್ನಿನಲ್ಲಿ. ಬೆಳೆದದ್ದು ಇಂಗ್ಲೆಂಡಿನ ಪೂರ್ವಭಾಗದ ಇಪ್ಸ್‌ವಿಚ್ ಎಂಬ ಊರಿನಲ್ಲಿ, ಕೇಲೆಬ್ ರೋಸ್ ಎಂಬ ಶಸ್ತ್ರವೈದ್ಯರ ಮನೆಯಲ್ಲಿ. ಆ ಮನೆಯಲ್ಲಿ ಪುಸ್ತಕಗಳೂ ಚಿತ್ರಗಳೂ ಬಹಳ ಇದ್ದವು. ಊರಿನ ಶಾಲೆಯಲ್ಲಿ ಅವರಿಗೆ ಪಾಠ ಹೇಳಿದವರಲ್ಲಿ ಥಾಮಸ್ ಆಶ್ ಎಂಬ ಕವಿಯೂ ಒಬ್ಬರು. ಸಾಹಿತ್ಯದ ಮೇಲಿನ ಪ್ರೀತಿ ಶೆರಿಂಗ್ಟನ್ ಅವರಿಗೆ ಹತ್ತಿದ್ದು ಆ ಶಿಕ್ಷಕರಿಂದ. ಮುಂದೆ ಅವರು ಜಗತ್ತಿನ ದೊಡ್ಡ ಶರೀರಶಾಸ್ತ್ರಜ್ಞರಾದರೂ ಕವಿತೆ ಬರೆಯುವುದನ್ನು ಬಿಡಲಿಲ್ಲ. 1925ರಲ್ಲಿ ಅವರ ಕವನಸಂಕಲನವೊಂದು ಹೊರಬಂತು. ವಿಜ್ಞಾನದ ವಿದ್ಯಾರ್ಥಿಯ ಬದುಕಿನಲ್ಲಿ ಭಾಷಾ ಶಿಕ್ಷಕರಿಗೂ ಪಾಲಿದೆ ಎಂಬುದನ್ನು ನಾವು, ವಿಜ್ಞಾನ ಬೋಧನೆಯ ಪ್ರಶಿಕ್ಷಣಾರ್ಥಿಗಳು, ಗುರುತಿಸಿಕೊಳ್ಳಬೇಕು.

ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ವೈದ್ಯಕೀಯ ಕಲಿಕೆ, 1879ರಿಂದ ಕೇಂಬ್ರಿಡ್ಜ್‌ನಲ್ಲಿ ಮೈಕೆಲ್ ಫಾಸ್ಟರ್ ಅವರ ಬಳಿ ಶರೀರಶಾಸ್ತ್ರ. 1881ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ವೈದ್ಯಕೀಯ ಸಮ್ಮೇಳನದಲ್ಲಿ ಒಂದು ದೊಡ್ಡ ವಾದ ನಡೆಯಿತು. ಮಿದುಳಿನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಜಾಗ ಇದೆಯೆಂದು ಇಂಗ್ಲೆಂಡಿನ ಫೆರಿಯರ್ ಹೇಳಿದರು, ಹಾಗಿಲ್ಲವೆಂದು ಜರ್ಮನಿಯ ಗೋಲ್ಟ್ಸ್ ಹೇಳಿದರು. ಗೋಲ್ಟ್ಸ್ ತೋರಿಸಿದ ನಾಯಿಯ ಮಿದುಳನ್ನು ಪರೀಕ್ಷಿಸುವ ಕೆಲಸ ಕೇಂಬ್ರಿಡ್ಜ್‌ನ ಲ್ಯಾಂಗ್ಲಿ ಅವರಿಗೆ ಬಂತು, ಅವರ ಜೊತೆ ಕೆಲಸ ಮಾಡಿದವರು ಯುವಕ ಶೆರಿಂಗ್ಟನ್. 1884ರಲ್ಲಿ ಪ್ರಕಟವಾದ ಅವರ ಮೊದಲ ಸಂಶೋಧನಾ ಲೇಖನ ಅದರ ಮೇಲೆಯೇ. ಅಲ್ಲಿಂದ ಮುಂದೆ ಕೆಲವು ವರ್ಷ ಕಾಲರಾ ಅಧ್ಯಯನಕ್ಕಾಗಿ ಸ್ಪೇನ್, ಇಟಲಿ ಸುತ್ತಿದರು. ಬರ್ಲಿನ್‌ನಲ್ಲಿ ರಾಬರ್ಟ್ ಕಾಖ್ ಅವರ ಬಳಿ ಸೂಕ್ಷ್ಮಜೀವಿಗಳ ವಿಷಯ ಕಲಿತರು. 1891ರಲ್ಲಿ ಲಂಡನ್ನಿನ ಬ್ರೌನ್ ಸಂಸ್ಥೆಯ ಮುಖ್ಯಸ್ಥರಾದರು, ಅದೇ ವರ್ಷ ಎಥೆಲ್ ರೈಟ್ ಅವರನ್ನು ಮದುವೆಯಾದರು. 1895ರಲ್ಲಿ ಲಿವರ್‌ಪೂಲ್‌ನಲ್ಲಿ ಪ್ರಾಧ್ಯಾಪಕರಾದರು.

ಈ ವರ್ಷಗಳಲ್ಲಿಯೇ ಅವರು ನಮ್ಮ ಹುಡುಗಿಯ ಪ್ರಶ್ನೆಯ ಹತ್ತಿರ ಬಂದದ್ದು. ಸ್ನಾಯುವಿಗೆ ಹೋಗುವ ನರವೆಂದರೆ ಆಜ್ಞೆ ಒಯ್ಯುವ ನರ ಎಂದು ಎಲ್ಲರೂ ತಿಳಿಯುವುದು ಸಹಜ. ನನ್ನ ಚಾರ್ಟಿನಲ್ಲೂ ಅಷ್ಟೇ ಇತ್ತು. 1894ರಲ್ಲಿ ಶೆರಿಂಗ್ಟನ್ ಆಜ್ಞೆ ಒಯ್ಯುವ ನರಮೂಲಗಳನ್ನು ಕತ್ತರಿಸಿ, ಆ ಎಳೆಗಳು ನಶಿಸುವವರೆಗೆ ಕಾದು, ಸ್ನಾಯುವಿನ ನರದಲ್ಲಿ ಏನು ಉಳಿದಿದೆ ಎಂದು ನೋಡಿದರು. ಮೂರನೆಯ ಒಂದು ಭಾಗದಿಂದ ಅರ್ಧದಷ್ಟು ಎಳೆಗಳು ಹಾಗೆಯೇ ಉಳಿದಿದ್ದವು. ಅವು ಸ್ನಾಯುವಿನಿಂದ ಮಿದುಳುಬಳ್ಳಿಯ ಕಡೆಗೆ ಸುದ್ದಿ ಒಯ್ಯುವ ಎಳೆಗಳು. ಸ್ನಾಯುವಿನೊಳಗೆ ಕದಿರಿನ ಆಕಾರದ ಪುಟ್ಟ ರಚನೆಗಳಿವೆ. ಸ್ನಾಯು ಎಷ್ಟು ಹಿಗ್ಗಿದೆ, ಎಷ್ಟು ಬೇಗ ಹಿಗ್ಗುತ್ತಿದೆ ಎಂಬ ಸುದ್ದಿ ಅಲ್ಲಿಂದ ಹೊರಡುತ್ತದೆ. ಎಂದರೆ ಸ್ನಾಯು ಬರೀ ಕೆಲಸದಾಳಲ್ಲ, ಕಣ್ಣು ಕಿವಿಗಳಂತೆ ಅದೂ ಒಂದು ಜ್ಞಾನೇಂದ್ರಿಯ. ಮುಂದೆ 1906ರಲ್ಲಿ ಅವರು ತನ್ನ ಅಂಗ ಎಲ್ಲಿದೆ, ಹೇಗಿದೆ ಎಂದು ದೇಹಕ್ಕೆ ತಿಳಿಸುವ ಈ ಸಂವೇದನೆಗೆ ಪ್ರೊಪ್ರಿಯೊಸೆಪ್ಷನ್ ಎಂಬ ಹೆಸರಿನ ಬೇರನ್ನು ಕೊಟ್ಟರು. ಕತ್ತಲೆಯಲ್ಲಿ ಹೂ ಕಟ್ಟುವ ಬೆರಳಿಗೆ ದಾರಿ ತೋರುವುದು ಈ ಅರಿವು ಮತ್ತು ಚರ್ಮದ ಸ್ಪರ್ಶ, ಎರಡೂ ಸೇರಿ. ನನ್ನ ಚಾರ್ಟಿನಲ್ಲಿ ಸ್ನಾಯುವಿನಿಂದ ಹಿಂದಕ್ಕೆ ಬರುವ ಮೂರನೆಯ ಬಾಣವೇ ಇರಲಿಲ್ಲ.

ಆ ಮೂರನೆಯ ಬಾಣ ಇಲ್ಲದಿದ್ದರೆ ಏನಾಗುತ್ತದೆ? 1895ರಲ್ಲಿ ಶೆರಿಂಗ್ಟನ್ ಮತ್ತು ಫ್ರೆಡ್ರಿಕ್ ಮಾಟ್ ಅದನ್ನೇ ಪರೀಕ್ಷಿಸಿದರು. ಮಂಗಗಳಿಗೆ ಅರಿವಳಿಕೆ ಕೊಟ್ಟು, ಒಂದು ತೋಳಿನ ಸಂವೇದನೆಯನ್ನು ತರುವ, ಮಿದುಳುಬಳ್ಳಿಯ ಹಿಂಬದಿಯ ನರಮೂಲಗಳನ್ನು ಮಾತ್ರ ಕತ್ತರಿಸಿದರು. ಆಜ್ಞೆ ಒಯ್ಯುವ ನರಗಳನ್ನು ಮುಟ್ಟಲಿಲ್ಲ. ಇಂಥ ಪ್ರಯೋಗದ ಬಗ್ಗೆ ಓದುವಾಗ ನನಗೂ ಹಿಂಸೆಯಾಯಿತು, ತರಗತಿಯಲ್ಲಿ ಹೇಳಿದಾಗ ಮಕ್ಕಳಿಗೂ ಆಯಿತು. ಆ ಮಾತನ್ನು ಮುಚ್ಚಿಡದೆ ಚರ್ಚಿಸಬೇಕೆಂದೇ ನನ್ನ ಅಭಿಪ್ರಾಯ. ಫಲಿತಾಂಶ ಮಾತ್ರ ಯಾರೂ ನಿರೀಕ್ಷಿಸದಂಥದ್ದು. ಆಜ್ಞೆಯ ದಾರಿ ಸಂಪೂರ್ಣ ಸರಿಯಾಗಿದ್ದರೂ ಮಂಗ ಆ ಕೈಯಿಂದ ಆಹಾರ ಹಿಡಿಯುವುದನ್ನು ಬಿಟ್ಟಿತು. ಭುಜಕ್ಕಿಂತ ಮೊಣಕೈಯಲ್ಲಿ, ಮೊಣಕೈಗಿಂತ ಬೆರಳುಗಳಲ್ಲಿ ನಷ್ಟ ಹೆಚ್ಚು. ಒಂದೇ ಒಂದು ನರಮೂಲ ಕತ್ತರಿಸಿದಾಗ ಅಷ್ಟೇನೂ ವ್ಯತ್ಯಾಸವಾಗಲಿಲ್ಲ. ಮಿದುಳಿನ ಹೊರಪದರವನ್ನು ವಿದ್ಯುತ್ತಿನಿಂದ ಕೆರಳಿಸಿದರೆ ಆ ಕೈ ಮೊದಲಿನಂತೆಯೇ ಅಲುಗುತ್ತಿತ್ತು. ಅಂದರೆ ಯಂತ್ರ ಕೆಟ್ಟಿರಲಿಲ್ಲ. ಸುದ್ದಿ ಬಾರದ ಕೈಯನ್ನು ಮಂಗ ತನ್ನದೆಂದೇ ಬಳಸುತ್ತಿರಲಿಲ್ಲ. ಇಚ್ಛೆಯಿಂದ ಮಾಡುವ ಚಲನೆಗೂ ಸಂವೇದನೆ ಬೇಕೇಬೇಕು ಎಂದು ಅವರು ತೀರ್ಮಾನಿಸಿದರು.

ಮೂರು ವರ್ಷಗಳ ಬಳಿಕ, 1898ರಲ್ಲಿ, ಶೆರಿಂಗ್ಟನ್ ಮಿದುಳಿನ ಕಾಂಡದ ಕಡೆಗೆ ತಿರುಗಿದರು. ಮಿದುಳನ್ನು ಮಿದುಳುಬಳ್ಳಿಗೆ ಜೋಡಿಸುವ ಗಿಡ್ಡ ಭಾಗಕ್ಕೆ ಈ ಹೆಸರು, ಮೆಡುಲ್ಲಾ ಅದರ ಕೆಳತುದಿ. ಮಧ್ಯಮೆದುಳಿನ ಮಟ್ಟದಲ್ಲಿ ಮೇಲಿನ ಮಿದುಳನ್ನು ಬೇರ್ಪಡಿಸಿದಾಗ ಬೆಕ್ಕಿನ ಕಾಲುಗಳು ಜೋಲುವ ಬದಲು ಕಂಬಗಳಂತೆ ಸೆಟೆದು ನಿಂತವು. ನಿಲ್ಲುವ ಕೆಲಸದ ಬಹುಪಾಲು ಆಜ್ಞೆ ಮಿದುಳಿನ ಕಾಂಡದಿಂದ ಬರುತ್ತಿದೆ, ಮೇಲಿನ ಮಿದುಳು ಅದಕ್ಕೆ ಕಡಿವಾಣ ಹಾಕುತ್ತಿದೆ ಎಂದು ಇದರಿಂದ ತಿಳಿಯಿತು. ಆದರೆ ಮುಖ್ಯ ಸಂಗತಿ ಇನ್ನೊಂದಿದೆ. ಹಾಗೆ ಸೆಟೆದ ಒಂದು ಕಾಲಿನ ಸಂವೇದನಾ ನರಮೂಲಗಳನ್ನು ಕತ್ತರಿಸಿದೊಡನೆ ಆ ಒಂದು ಕಾಲು ಮಾತ್ರ ಸಡಿಲಗೊಂಡಿತು. ಮಿದುಳಿನ ಕಾಂಡದ ಆಜ್ಞೆ ಇದ್ದರೂ, ಸ್ನಾಯುವಿನ ಸುದ್ದಿ ಇಲ್ಲದೆ ಬಿಗಿತ ಇಲ್ಲ. ಆಜ್ಞೆ ಮತ್ತು ಸುದ್ದಿ ಎರಡೂ ಒಂದೆಡೆ ಕೂಡಿದಾಗಲೇ ಚಲನೆ. 1904ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಅವರು ಕೊಟ್ಟ ಉಪನ್ಯಾಸಗಳ ತಿರುಳು ಇದೇ. 1906ರಲ್ಲಿ ಅವು ಪುಸ್ತಕವಾದವು. ನರವ್ಯೂಹದ ನಿಜವಾದ ಕೆಲಸ ಕೂಡಿಸುವುದು ಎಂಬ ನೋಟ ಆ ಪುಸ್ತಕದ ಹೆಸರಿನಲ್ಲಿಯೇ ಇದೆ. ಎಷ್ಟೋ ಕಡೆಗಳಿಂದ ಬರುವ ಸಂದೇಶಗಳು ಕೊನೆಗೆ ಸ್ನಾಯುವಿಗೆ ಹೋಗುವ ಒಂದೇ ನರಕೋಶದಲ್ಲಿ ಸೇರಬೇಕು. ಕೆಲವು ಸಂದೇಶಗಳು ಹೋಗು ಎನ್ನುತ್ತವೆ, ಕೆಲವು ತಡೆ ಎನ್ನುತ್ತವೆ. ಮೊಣಕೈ ಮಡಿಸುವ ಸ್ನಾಯು ಬಿಗಿಯಾಗುವಾಗ ಅದನ್ನು ಚಾಚುವ ಸ್ನಾಯು ಸಡಿಲವಾಗಲೇಬೇಕು. ತಡೆಯುವುದೂ ಒಂದು ಕೆಲಸ ಎಂದು ತೋರಿಸಿದ್ದು ಶೆರಿಂಗ್ಟನ್ ಅವರ ದೊಡ್ಡ ಕೊಡುಗೆ.

ಶೆರಿಂಗ್ಟನ್ ಪ್ರಯೋಗಾಲಯದೊಳಗೆ ಮಾತ್ರ ಬದುಕಿದವರಲ್ಲ. 1894ರಲ್ಲಿ ಸ್ಪೇನಿನ ರಮೋನ್ ಇ ಕಹಾಲ್ ಲಂಡನ್ನಿಗೆ ಬಂದಾಗ ಉಳಿದುಕೊಂಡದ್ದು ಶೆರಿಂಗ್ಟನ್ ಅವರ ಮನೆಯಲ್ಲಿ. ನರಕೋಶಗಳು ಬಿಡಿಬಿಡಿ ಎಂದು ಸೂಕ್ಷ್ಮದರ್ಶಕದಲ್ಲಿ ಕಂಡವರು ಕಹಾಲ್, ಆ ಬಿಡಿ ಕೋಶಗಳು ಸಂಧಿಸುವ ಜಾಗಕ್ಕೆ 1897ರಲ್ಲಿ ಹೆಸರು ಕೊಟ್ಟವರು ಶೆರಿಂಗ್ಟನ್. ಆ ಗ್ರೀಕ್ ಪದವನ್ನು ಸೂಚಿಸಿದ್ದು ಒಬ್ಬ ಭಾಷಾ ವಿದ್ವಾಂಸರು. 1913ರಲ್ಲಿ ಶೆರಿಂಗ್ಟನ್ ಆಕ್ಸ್‌ಫರ್ಡ್‌ಗೆ ಪ್ರಾಧ್ಯಾಪಕರಾಗಿ ಹೋದರು. ಮೊದಲ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, 57ರ ಪ್ರಾಯದ ಈ ಪ್ರಾಧ್ಯಾಪಕರು ಬರ್ಮಿಂಗ್‌ಹ್ಯಾಮ್‌ನ ಮದ್ದುಗುಂಡಿನ ಕಾರ್ಖಾನೆಯಲ್ಲಿ ಸಾಮಾನ್ಯ ಕೂಲಿಯಾಗಿ ಸೇರಿ, ಕಾರ್ಮಿಕರ ದಣಿವನ್ನು ಒಳಗಿನಿಂದಲೇ ಅಧ್ಯಯನ ಮಾಡಿದರು. 1919ರಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿ ಪ್ರಾಯೋಗಿಕ ಪಾಠಗಳ ಪುಸ್ತಕ ಬರೆದರು. 1920ರಿಂದ 1925ರವರೆಗೆ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದರು. 1932ರಲ್ಲಿ ಎಡ್ಗರ್ ಏಡ್ರಿಯನ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಬಂದಾಗ ಅವರಿಗೆ 75 ವರ್ಷ ತುಂಬುತ್ತಿತ್ತು. ಅವರ ಕೈಕೆಳಗೆ ಪಳಗಿದ ಜಾನ್ ಎಕಲ್ಸ್, ರಾಗ್ನರ್ ಗ್ರಾನಿಟ್, ಹೋವರ್ಡ್ ಫ್ಲೋರಿ ಮುಂದೆ ತಾವೇ ನೊಬೆಲ್ ಪಡೆದರು. ಮಿದುಳಿನ ಶಸ್ತ್ರಚಿಕಿತ್ಸೆಯಲ್ಲಿ ಹೆಸರಾದ ವೈಲ್ಡರ್ ಪೆನ್‌ಫೀಲ್ಡ್ ಕೂಡ ಅವರ ವಿದ್ಯಾರ್ಥಿ. ಇಳಿವಯಸ್ಸಿನಲ್ಲಿ ಸಂಧಿವಾತ ಅವರನ್ನು ಬಾಧಿಸಿತು. ಕೀಲುಗಳ ಚಲನೆಯನ್ನು ಜೀವಮಾನವಿಡೀ ಅಭ್ಯಸಿಸಿದವರಿಗೆ ಕೀಲುಗಳೇ ನೋವಾದವು. ಬುದ್ಧಿ ಮಾತ್ರ ಕೊನೆಯವರೆಗೂ ಚುರುಕಾಗಿತ್ತು. 1952ರ ಮಾರ್ಚ್ 4ರಂದು, 94ನೆಯ ವಯಸ್ಸಿನಲ್ಲಿ, ಈಸ್ಟ್‌ಬೋರ್ನ್‌ನಲ್ಲಿ ತೀರಿಕೊಂಡರು.

ಅವರು ತೀರಿಕೊಂಡ ಮೇಲೂ ಆ ಮಂಗದ ಕೈಯ ಕಥೆ ಮುಗಿಯಲಿಲ್ಲ. ಅಮೆರಿಕದ ಎಡ್ವರ್ಡ್ ಟಾಬ್ ಮತ್ತು ಸಹೋದ್ಯೋಗಿಗಳು ಅದೇ ಪ್ರಯೋಗವನ್ನು ಮತ್ತೆ ಕೈಗೆತ್ತಿಕೊಂಡರು. ಈ ಸಲ ಮಂಗದ ಚೆನ್ನಾಗಿರುವ ಕೈಯನ್ನು ಕೆಲವು ದಿನಗಳ ಕಾಲ ಕಟ್ಟಿಹಾಕಿದರು. ಆಗ ಸಂವೇದನೆಯಿಲ್ಲದ ಕೈ ಮೆಲ್ಲಗೆ ಮುಂದೆ ಬಂತು, ಆಹಾರದ ಕಡೆಗೆ ಚಾಚಿತು, ಒರಟಾಗಿಯಾದರೂ ಹಿಡಿಯಿತು. ಮೊದಲ ದಿನಗಳಲ್ಲಿ ಪ್ರಯತ್ನಿಸಿ ಸೋತ ಮಂಗ, ಇನ್ನೊಂದು ಕೈಯಿಂದ ಕೆಲಸ ಸಾಗಿದ್ದರಿಂದ, ಈ ಕೈಯನ್ನು ಬಳಸದಿರುವುದನ್ನೇ ಕಲಿತುಬಿಟ್ಟಿತ್ತು. ಬಳಸಲಿಲ್ಲ ಎಂಬುದನ್ನು ಬಳಸಲಾರದು ಎಂದು 60 ವರ್ಷಗಳಷ್ಟು ಕಾಲ ಓದಿಕೊಳ್ಳಲಾಗಿತ್ತು. ಇದರ ಆಧಾರದ ಮೇಲೆಯೇ ಪಾರ್ಶ್ವವಾಯು ಆದವರಿಗೆ ಚೆನ್ನಾಗಿರುವ ಕೈಯನ್ನು ದಿನದ ಹೆಚ್ಚು ಹೊತ್ತು ಕಟ್ಟಿ, ದುರ್ಬಲ ಕೈಗೆ ಕೆಲಸ ಕೊಡುವ ಚಿಕಿತ್ಸೆ ಬಂತು. ಶೆರಿಂಗ್ಟನ್ ಅವರ ಅರ್ಧ ಮಾತು ಮಾತ್ರ ಇದರಿಂದ ಬಿತ್ತು. ಸಂವೇದನೆಯಿಲ್ಲದೆಯೂ ಕೈ ಚಾಚಬಹುದು, ಆದರೆ ಹೂ ಕಟ್ಟುವ ನಯ ಬರುವುದಿಲ್ಲ ಎಂಬ ಇನ್ನರ್ಧ ಈಗಲೂ ನಿಂತಿದೆ.

ಆ ನಯ ಎಲ್ಲಿ ಹುಟ್ಟುತ್ತದೆ ಎಂದು ಇಂದಿನ ವಿಜ್ಞಾನಿಗಳು ಮತ್ತೆ ಮಿದುಳಿನ ಕಾಂಡದಲ್ಲಿಯೇ ಹುಡುಕುತ್ತಿದ್ದಾರೆ. ಕೈಯ ಸ್ಪರ್ಶ ಮತ್ತು ಅಂಗದ ಅರಿವನ್ನು ತರುವ ಎಳೆಗಳು ಮಿದುಳುಬಳ್ಳಿಯ ಹಿಂಬದಿಯಲ್ಲಿ ಮೇಲೇರಿ, ಮೆಡುಲ್ಲಾದಲ್ಲಿರುವ ಕ್ಯೂನಿಯೇಟ್ ನ್ಯೂಕ್ಲಿಯಸ್ ಎಂಬ ನರಕೋಶಗಳ ಗುಂಪಿಗೆ ಬರುತ್ತವೆ. ಅದು ಸುಮ್ಮನೆ ಟಪಾಲು ದಾಟಿಸುವ ಅಂಚೆ ಕಚೇರಿ ಎಂದು ಬಹುಕಾಲ ಎಣಿಸಲಾಗಿತ್ತು. ಆದರೆ ಚಲನೆಯ ಆಜ್ಞೆ ಕೊಡುವ ಮಿದುಳಿನ ಹೊರಪದರದಿಂದಲೂ ಅಲ್ಲಿಗೆ ಎಳೆಗಳು ಇಳಿದು ಬರುತ್ತವೆ. ಇಲಿಗಳ ಮೇಲಿನ ಇತ್ತೀಚಿನ ಅಧ್ಯಯನಗಳಲ್ಲಿ, ಈ ಗುಂಪಿನ ಸುತ್ತಮುತ್ತಲಿನ ನರಕೋಶಗಳು ಕೈಯಿಂದ ಬರುವ ಸುದ್ದಿಯನ್ನು ಕೆಲವೊಮ್ಮೆ ತಗ್ಗಿಸುತ್ತವೆ, ಕೆಲವೊಮ್ಮೆ ಎತ್ತಿ ಕೊಡುತ್ತವೆ ಎಂದು ಕಂಡುಬಂದಿದೆ. ಆ ಹತೋಟಿ ಕೆಡಿಸಿದರೆ ಪಂಜದ ನಾಜೂಕು ಕೆಲಸ ಕೆಡುತ್ತದೆ. ಅಲ್ಲೇ ಪಕ್ಕದ ಲ್ಯಾಟರಲ್ ರೆಟಿಕ್ಯುಲರ್ ನ್ಯೂಕ್ಲಿಯಸ್ ಎಂಬ ಇನ್ನೊಂದು ಗುಂಪಿಗೆ ಕೈಗೆ ಹೋಗುತ್ತಿರುವ ಆಜ್ಞೆಯ ಒಂದು ನಕಲೂ, ಕೈಯಿಂದ ಬಂದ ಸುದ್ದಿಯೂ ಬರುತ್ತವೆ. ಅಲ್ಲಿಂದ ಅವು ಅನುಮಸ್ತಿಷ್ಕಕ್ಕೆ ಹೋಗುತ್ತವೆ. ನಕಲು ಏಕೆ ಬೇಕು? ಅಂಗದ ಅರಿವನ್ನು ತರುವ ವೇಗದ ಎಳೆಗಳಲ್ಲಿ ಸುದ್ದಿ ಸೆಕೆಂಡಿಗೆ ಸುಮಾರು 100 ಮೀಟರ್ ಓಡಿದರೂ, ಮೇಲೆ ಹೋಗಿ ಲೆಕ್ಕವಾಗಿ ಕೆಳಗೆ ಬರಲು ಹೊತ್ತು ಬೇಕು. ಅಷ್ಟರಲ್ಲಿ ಬೆರಳು ಮುಂದಿನ ಹೂವಿಗೆ ಹೋಗಿರುತ್ತದೆ. ಕೈ ಈಗ ಎಲ್ಲಿರಬೇಕು ಎಂಬುದನ್ನು ಆಜ್ಞೆಯ ನಕಲಿನಿಂದ ಊಹಿಸಿ, ನಿಜವಾಗಿ ಎಲ್ಲಿದೆ ಎಂಬ ಸುದ್ದಿಯೊಂದಿಗೆ ಹೋಲಿಸಿ, ವ್ಯತ್ಯಾಸವಿದ್ದರೆ ತಿದ್ದಬೇಕು. ನಾನು ಅಭ್ಯಾಸಬಲ ಎಂದು ಕರೆದು ಕೈತೊಳೆದುಕೊಂಡಿದ್ದು ಈ ಹೋಲಿಕೆ ದಿನದಿನಕ್ಕೂ ಹರಿತವಾಗುವುದನ್ನು.

ಇದೇ ಘಟಕದ ಕೊನೆಯ ಪಾಠಕ್ಕೆ ಹೊಸ ಚಾರ್ಟ್ ಬರೆದೆ. ಸ್ನಾಯುವಿನಿಂದ ಹಿಂದಕ್ಕೆ ಹಸಿರು ಬಾಣ ಹಾಕಿದೆ. ಮೆಡುಲ್ಲಾದಲ್ಲಿ ಹಸಿರೂ ನೀಲಿಯೂ ಕೂಡುವ ಒಂದು ವೃತ್ತ ಬರೆದೆ. ದಾರ, ಹೂ ಒಯ್ದೆ. ಶೆರಿಂಗ್ಟನ್ ಅವರ ಬದುಕನ್ನು ಹತ್ತು ನಿಮಿಷದಲ್ಲಿ ಹೇಳಿ, ಮಕ್ಕಳಿಗೆ ಮೊದಲು ಕಣ್ಣು ಮುಚ್ಚಿ, ನಂತರ ತೆಳು ಕೈಚೀಲ ತೊಟ್ಟು ಹೂ ಕಟ್ಟಲು ಹೇಳಿದೆ. ಕಣ್ಣು ಮುಚ್ಚಿದಾಗ ಕಟ್ಟಬಲ್ಲವರು ಕಟ್ಟಿದರು. ಕೈಚೀಲ ತೊಟ್ಟಾಗ, ಕಣ್ಣು ತೆರೆದಿದ್ದರೂ, ಎಲ್ಲರೂ ತಡವರಿಸಿದರು. ಪ್ರಶ್ನೆ ಕೇಳಿದ್ದ ಹುಡುಗಿ ಚಾರ್ಟಿನ ಹತ್ತಿರ ಬಂದು ಹಸಿರು ಬಾಣದ ಮೇಲೆ ಬೆರಳಿಟ್ಟು, ಕೈಚೀಲ ಅಡ್ಡ ಬಂದದ್ದು ಚರ್ಮದ ಸುದ್ದಿಗಲ್ಲವೇ, ಹಾಗಾದರೆ ಸ್ನಾಯುವಿನ ಸುದ್ದಿ ಇನ್ನೂ ಬರುತ್ತಿರಬೇಕಲ್ಲ ಎಂದು ಕೇಳಿದಳು. ಹೌದು, ಅದಕ್ಕೇ ಬೆರಳು ದಾರದ ಹತ್ತಿರ ಹೋಯಿತು, ಹಿಡಿತ ಮಾತ್ರ ತಪ್ಪಿತು ಎಂದೆ. ಈ ಸಲ ಅವಳು ತೃಪ್ತಿಯಿಂದ ಕುಳಿತಳು.

ಗಡಿಯಾರದ ಹುಡುಗ ತನ್ನ ಜಾಗದಲ್ಲಿ ಸಮಯ ಹೇಳಲು ಸಿದ್ಧನಾಗಿ ಕುಳಿತಿದ್ದ. ಅವನ ಕೈಯ ಕಾರಣ ನನಗೆ ತಿಳಿಯದು, ಅದು ವೈದ್ಯರ ವಿಷಯ. ಮಂಗದ ಕೈಗೂ ಅವನ ಕೈಗೂ ನಾನು ಹೋಲಿಕೆ ಮಾಡುವುದಿಲ್ಲ. ಆದರೆ ಮಾಡುತ್ತಿಲ್ಲ ಎಂಬುದನ್ನು ಮಾಡಲಾರ ಎಂದು ಓದಿದ ತಪ್ಪು ನನ್ನದೂ ಆಗಿತ್ತು. ಅವನಿಗೆ ಮಾಡುವ ಸಂದರ್ಭವನ್ನೇ ನಾನು ಕೊಟ್ಟಿರಲಿಲ್ಲ. ಹೂ ಕಟ್ಟುತ್ತೀಯಾ, ಸಮಯ ನೋಡುತ್ತೀಯಾ ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ನನ್ನನ್ನು ನೋಡಿ, ಗಡಿಯಾರವನ್ನು ಪಕ್ಕದವನಿಗೆ ಕೊಟ್ಟ. ಬಲಗೈಯ ಹೆಬ್ಬೆರಳಿಗೂ ಮೇಜಿನ ಅಂಚಿಗೂ ನಡುವೆ ದಾರವನ್ನು ಒತ್ತಿ ಹಿಡಿದು, ಎಡಗೈಯಿಂದ ಗಂಟು ಹಾಕಿದ. ಉಳಿದವರು ಹತ್ತು ಹನ್ನೆರಡು ಹೂ ಕಟ್ಟುವಷ್ಟರಲ್ಲಿ ಅವನು ನಾಲ್ಕು ಕಟ್ಟಿದ್ದ, ಅದರಲ್ಲಿ ಒಂದು ಜಾರಿತು. ಗಂಟೆ ಹೊಡೆದ ಮೇಲೆ ಉಳಿದ ದಾರವನ್ನು ಮನೆಗೆ ಒಯ್ಯಬಹುದೇ ಎಂದು ಕೇಳಿದ.

ಪಾಠಯೋಜನೆಯ ಹಾಳೆಯಲ್ಲಿ ಕಲಿಕಾ ಫಲಗಳ ಅಂಕಣ ಇರುತ್ತದೆ. ಆ ದಿನದ ಹಾಳೆಯಲ್ಲಿ ವಿದ್ಯಾರ್ಥಿಗಳ ಕಲಿಕಾ ಫಲಗಳ ಕೆಳಗೆ ನನ್ನದನ್ನೂ ಒಂದು ಸಾಲು ಬರೆದೆ: ಚಟುವಟಿಕೆಯ ಪಾತ್ರಗಳನ್ನು ಹಂಚುವ ಮೊದಲು ವಿದ್ಯಾರ್ಥಿಯನ್ನು ಕೇಳುವುದು. ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳು ನರವ್ಯೂಹದ ಘಟಕ ಬೋಧಿಸುವಾಗ ಮೂರು ಬಾಣಗಳ ಚಾರ್ಟನ್ನೇ ಬಳಸಲಿ ಎಂದು ಕೋರುತ್ತೇನೆ.